ವಾರವಾರ ಕಟಿಂಗ್ ಮಾಡಿಸಿಕೊಂಡ ಬೇಲಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಕಟಿಂಗ್ ಅಂಗಡಿಯ ಬಾಗಿಲು ತೆಗೆದಾಗ ತೆರೆದ ಬಾಯಿ, ಬಾಗಿಲು ಹಾಕುವವರೆಗೆ ಮುಚ್ಚುತ್ತಿರಲಿಲ್ಲ. ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನಿಗೆ ಅದರಿಂದ ಬೇಸರವೂ ಇರಲಿಲ್ಲ. "ರೇಡಿಯೋ ಆದ್ರೆ ಕಿವಿ ಹಿಂಡಿ ಆಫ್ ಮಾಡಬಹುದು, ನನ್ನಲ್ಲಿ ಆ ಸೌಕರ್ಯಾನೂ ಇಲ್ಲ ನೋಡಿ" ಎಂದು ತಾನೇ ಹೇಳಿ, ಗಿರಾಕಿ ನಗುವ ಮೊದಲೇ ತಾನು ನಗುತ್ತಿದ್ದ. ಗಿರಾಕಿಯಾದರೂ ಏನು ಮಾಡಿಯಾನು? ಕೊರಳಿಗೆ ಬಟ್ಟೆ ಬಿಗಿದು, ಕೆನ್ನೆಗೆ ನೊರೆ ಬಳಿದು, ಗಂಟಲ ಪಕ್ಕ ಕತ್ತಿ ಹಿಡಿದವನು ಕಥೆ ಹೇಳಿದರೆ ಎಂಥ ಗಂಡೆದೆಯವನೂ ಸುಮ್ಮನೆ ಕೇಳುತ್ತಾನೆ. ಇಂಥ ಶ್ರೋತೃಗಳ ನಡುವೆ ಮೂವತ್ತೆಂಟು ವರ್ಷ ಕಳೆದವನಿಗೆ, ಲೋಕವೆಲ್ಲ ತನ್ನ ಮಾತಿಗೆ ಕಾದು ಕೂತಿದೆ ಎನ್ನುವ ಭ್ರಮೆ ಹುಟ್ಟಿದ್ದರೆ ತಪ್ಪು ಅವನೊಬ್ಬನದೇ ಎನ್ನಲಾಗದು. ಅರ್ಧ ತಪ್ಪು ಕತ್ತಿಯದು.

ಅಂಗಡಿ ಮನೆಯ ಮುಂದಿನ ಕೋಣೆ, ಸಂಸಾರ ಹಿಂದಿನ ಎರಡು ಕೋಣೆಗಳಲ್ಲಿ. ಮನೆಯ ಪಕ್ಕದಲ್ಲಿ, ರಸ್ತೆಯಿಂದ ಅಡುಗೆಮನೆಯ ಕಿಟಕಿಯವರೆಗೆ, ಹನ್ನೆರಡು ಹೆಜ್ಜೆ ಉದ್ದದ ಒಂದು ಮಣ್ಣಿನ ಪಟ್ಟಿ. ಚಳಿಗಾಲ ಬಂತೆಂದರೆ ಅವನ ಹೆಂಡತಿ ದಿನಾ ಬೆಳಿಗ್ಗೆ ಆ ಕಿಟಕಿಯಿಂದ ಎರಡು ಹಿಡಿ ಕಾಳು ಚೆಲ್ಲುತ್ತಿದ್ದಳು. ಆಮೇಲೆ ಅಂಗಡಿಯ ಟವೆಲ್ಲುಗಳನ್ನು ಮಡಚುತ್ತಾ ಅಲ್ಲೇ ಕೂತು, ತಿನ್ನಲು ಬಂದ ಹಕ್ಕಿಗಳ ಜೊತೆ ಮಾತಿಗಿಳಿಯುತ್ತಿದ್ದಳು. ಒಂದೊಂದಕ್ಕೂ ಅವಳಿಟ್ಟ ಹೆಸರಿತ್ತು. ತಲೆಯ ಮೇಲೆ ಗರಿ ನಿಗುರಿಸಿಕೊಂಡಿದ್ದು ಜುಟ್ಟಿನವಳು. ರೆಕ್ಕೆಗಳನ್ನು ಬೆನ್ನ ಹಿಂದೆ ಕಟ್ಟಿ ಅತ್ತಿಂದಿತ್ತ ತಿರುಗುವ ಕರಿಯ ಹಕ್ಕಿ ಇನ್‌ಸ್ಪೆಕ್ಟರ್. ಗುಬ್ಬಿಗಳಿಗೆಲ್ಲ ಸೇರಿ 'ಮಕ್ಕಳು' ಎಂಬ ಒಂದೇ ಹೆಸರು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ?" ಎಂದು ಅವಳು ಜುಟ್ಟಿನವಳನ್ನು ಬೈಯುವುದು ಅಂಗಡಿಯವರೆಗೆ ಕೇಳುತ್ತಿತ್ತು. ರೇಡಿಯೋಗೆ ಮಾತ್ರ ಕೇಳುತ್ತಿರಲಿಲ್ಲ. ಅವನು ಮಾತಾಡುತ್ತಿದ್ದ.

ಕಾಳಿನ ಜೊತೆ ಇಲಿಯೂ ಬಂತು. ಮೊದಲು ಒಂದು, ಆಮೇಲೆ ಅದರ ಬಂಧುಬಳಗ. ಒಂದು ದಿನ ಶಾಲೆಯ ಹೆಡ್‌ಮಾಸ್ತರರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಗಡ್ಡ ಕೊಟ್ಟು ಕೂತಿದ್ದಾಗ, ಭಾರೀ ಧೈರ್ಯದ ಒಂದು ಇಲಿ ಅವರ ಪ್ಯಾಂಟಿನ ಒಳಗೇ ದಾರಿ ಹುಡುಕಿತು. ಹೆಡ್‌ಮಾಸ್ತರರು ನೆಗೆದರು. ಕತ್ತಿ ಇದ್ದಲ್ಲೇ ಇತ್ತು, ಗಲ್ಲ ಅದಿದ್ದಲ್ಲಿಗೆ ಬಂತು. ಮೂರು ಹೊಲಿಗೆ ಬಿದ್ದವು. ಮೂವತ್ತೆಂಟು ವರ್ಷದಲ್ಲಿ ಒಬ್ಬರ ರಕ್ತವನ್ನೂ ನೋಡದ ಕೈ ಎಂದು ಕೊಚ್ಚಿಕೊಳ್ಳುತ್ತಿದ್ದವನು ಅಂದು ಮಧ್ಯಾಹ್ನ ಅಡುಗೆಮನೆಗೆ ನುಗ್ಗಿ, ಇನ್ನು ಮೇಲೆ ಈ ಮನೆಯಲ್ಲಿ ಒಂದು ಕಾಳು ನೆಲಕ್ಕೆ ಬೀಳಕೂಡದು ಎಂದು ಅಪ್ಪಣೆ ಹೊರಡಿಸಿದ.

ಹೆಂಡತಿ ಜಗಳವಾಡಲಿಲ್ಲ. ಕಾಳಿನ ಡಬ್ಬಿಯ ಮುಚ್ಚಳ ಹಾಕಿದಳು. ಮಾರನೆಯ ಬೆಳಿಗ್ಗೆ ಹಕ್ಕಿಗಳು ಬಂದು, ಬರಿಯ ನೆಲದ ಮೇಲೆ ಕುಪ್ಪಳಿಸಿ, ಕಿಟಕಿಯ ಕಡೆ ನೋಡಿ, ಹೋದವು. ಅವಳು ಟವೆಲ್ಲು ಮಡಚುತ್ತಾ ನೋಡುತ್ತಿದ್ದಳು. ಆ ಮುಖ ಕಂಡು ರೇಡಿಯೋಗೆ ಕೆಡುಕೆನಿಸಿತು. ಒಳಗೆ ಏನೇ ಆದರೂ ಅವನಲ್ಲಿ ಅದು ಬಾಯಿಯ ಮೂಲಕವೇ ಹೊರಗೆ ಬರುತ್ತಿದ್ದುದು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಕಾಳು ಬೇಡ ಅಂದೆ, ಹಕ್ಕಿ ಬೇಡ ಅಂದ್ನಾ? ಇಲ್ಲಿಂದ ಅಲ್ಲಿವರೆಗೂ ಹಣ್ಣಿನ ಗಿಡ ಹಾಕ್ತೀನಿ. ಚಳಿಗಾಲದಲ್ಲಿ ಗೊಂಚಲು ಗೊಂಚಲು ಬಿಡೋ ಗಿಡ. ಇಲಿ ಮುಟ್ಟಲ್ಲ, ಹಕ್ಕಿ ಬಿಡಲ್ಲ. ನಿನ್ನ ಜುಟ್ಟಿನವಳು ಕಿಟಕಿ ಮುಂದೆ ಬಂದು ಕೂತ್ಕೊಳ್ಳಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ."

ಅವನಿಗೆ ಮೀಸೆ ಇರಲಿಲ್ಲ. ಆದರೂ ಅವಳು ಸ್ವಲ್ಪ ನಕ್ಕಳು. "ಎಷ್ಟು ದಿನ ಬೇಕಾಗುತ್ತೆ?" ಎಂದು ಕೇಳಿದಳು. "ಒಂದೇ ಒಂದು ವರ್ಷ" ಎಂದ, ಗಿಡದ ವಿಚಾರದಲ್ಲಿ ಕೊತ್ತಂಬರಿ ಸೊಪ್ಪಿನಾಚೆಗೆ ಏನೂ ಗೊತ್ತಿಲ್ಲದ ಆ ಮಹಾನುಭಾವ.

ಊರಾಚೆ ಗಿಡಗಳನ್ನು ಬೆಳೆಸಿ ಮಾರುವ ಹೆಂಗಸೊಬ್ಬಳಿದ್ದಳು. ಅವಳಿಂದ ಹನ್ನೊಂದು ಸಸಿ ತಂದ. ಕೆಂಪು ಗೊಂಚಲು ಬಿಡುವ ಮುಳ್ಳುಪೊದೆ ಐದು, ಕಿತ್ತಳೆ ಬಣ್ಣದ ಹಣ್ಣಿನದು ನಾಲ್ಕು, ಮೂಲೆಗಳಿಗೆ ಕಾಡುಗುಲಾಬಿ ಎರಡು. ಗುಂಡಿ ತೋಡಿ, ಗೊಬ್ಬರ ಹಾಕಿ, ಸಾಲಾಗಿ ನೆಟ್ಟ. ಗಿಡಗಳು ಚೆನ್ನಾಗಿ ಬೇರು ಹಿಡಿದವು. ಅಲ್ಲಿಯವರೆಗೆ ಅವನದೇನೂ ತಪ್ಪಿರಲಿಲ್ಲ.

ತಪ್ಪು ಶುರುವಾದದ್ದು ಮೊದಲ ವಾರದ ರಜೆಯಂದು. ಕೈಗೆ ಕೆಲಸವಿಲ್ಲದೆ ಕೂತವನ ಕಣ್ಣಿಗೆ ಮೂರನೆಯ ಗಿಡದಲ್ಲಿ ಕಿವಿಯ ಮೇಲೆ ಎದ್ದು ನಿಂತ ಕೂದಲಿನ ಹಾಗೆ ಒಂದು ಚಿಗುರು ಕಂಡಿತು. ಅದನ್ನು ನೋಡಿಯೂ ಸುಮ್ಮನಿರುವ ಕ್ಷೌರಿಕ ಇನ್ನೂ ಹುಟ್ಟಿಲ್ಲ. ಒಳಗಿಂದ ಕತ್ತರಿ ತಂದು ಚಕ್ಕೆಂದು ಕತ್ತರಿಸಿದ. ಈಗ ಪಕ್ಕದ್ದು ಎತ್ತರ ಕಂಡಿತು. ಅದನ್ನೂ ಕತ್ತರಿಸಿದ. ಸಂಜೆಯ ಹೊತ್ತಿಗೆ ಹನ್ನೊಂದು ಗಿಡಗಳಿಗೂ ಹಿಂದೆ ಗಿಡ್ಡ, ಪಕ್ಕ ಗಿಡ್ಡ, ಮೇಲೆ ಸ್ವಲ್ಪ ಎಣ್ಣೆಗೆ ಬಿಟ್ಟಂತೆ, ಅಚ್ಚುಕಟ್ಟಾದ ಕಟಿಂಗ್ ಆಗಿತ್ತು. ಕೊನೆಯದರ ಮುಂದೆ ಎರಡು ಹೆಜ್ಜೆ ಹಿಂದೆ ಸರಿದು, "ಸಾಕಾ ಸರ್, ಇನ್ನೂ ಸ್ವಲ್ಪ ತೆಗೀಲಾ?" ಎಂದು ಗಿಡವನ್ನೇ ಕೇಳಿದ. ಕೈಗನ್ನಡಿ ಹಿಡಿದು ಹಿಂಭಾಗ ತೋರಿಸುವುದೊಂದು ಬಾಕಿ.

ಅಲ್ಲಿಂದ ಅದೇ ಪದ್ಧತಿಯಾಯಿತು. ವಾರದ ರಜೆ ಬಂತೆಂದರೆ ಬಾಚಣಿಗೆ, ಕತ್ತರಿ ಹಿಡಿದು ಬೇಲಿಯ ಮುಂದೆ ಹಾಜರು. ಬಾಚಣಿಗೆ ಯಾಕೆ ಎಂದು ಕೇಳಿದವರಿಗೆ, "ಬಾಚದೆ ಕತ್ತರಿಸೋಕೆ ನಾನೇನು ಕಟುಕನಾ?" ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನೋಡಿದವರಿಗೆ ಒಂದು ಕಥೆ ಬಿಟ್ಟಿ. ಹೆಂಡತಿ ಟವೆಲ್ಲು ಒಣಹಾಕಲು ಬಂದವಳು ಅವನ ಹಿಂದೆ ನಿಂತು ಏನೋ ಹೇಳುವುದೂ, ಅವನು ಕತ್ತರಿ ಆಡಿಸುತ್ತಾ "ಹೂಂ ಹೂಂ, ಅದಿರಲಿ, ಇದನ್ನ ಕೇಳು" ಎನ್ನುವುದೂ, ಅವಳು ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುವುದೂ ನಡೆದಿತ್ತು. ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

ಮೊದಲ ಚಳಿಗಾಲ ಒಂದು ಹಣ್ಣೂ ಬಿಡಲಿಲ್ಲ. ಎಳೆಯ ಗಿಡ, ಪಾಪ, ಎಂದ. ಹೆಂಡತಿ ಹದಿನೈದು ದಿನ ಅಕ್ಕನ ಊರಿಗೆ ಹೋಗಿಬಂದಳು. ಅಕ್ಕನ ಮನೆಯ ಹಿಂದೆ ಯಾರೂ ನೆಡದೆ, ಯಾರೂ ನೋಡಿಕೊಳ್ಳದೆ ತಾನಾಗಿ ಬೆಳೆದ ಒಂದು ಹಣ್ಣಿನ ಮರವಿತ್ತಂತೆ, ಚಳಿಗಾಲವಿಡೀ ಹಕ್ಕಿಗಳ ಗದ್ದಲವಂತೆ. ಎರಡನೆಯ ಚಳಿಗಾಲವೂ ಬರಿದು. ಮಣ್ಣು ಸರಿಯಿಲ್ಲ ಎಂದ. ಅವಳು ಒಂದು ತಿಂಗಳು ಹೋದಳು. ಮೂರನೆಯದಕ್ಕೆ ಸಸಿ ಕೊಟ್ಟವಳೇ ಮೋಸಗಾತಿ ಎಂದ. ಅವಳು ಚಳಿ ಶುರುವಾಗುವಾಗ ಹೋದವಳು ಬಿಸಿಲು ಏರುವ ಹೊತ್ತಿಗೆ ಬಂದಳು. ಬಂದವಳು ಚೀಲ ಇಳಿಸುತ್ತಾ, ತರಕಾರಿಯ ವಿಷಯ ಹೇಳುವ ಧ್ವನಿಯಲ್ಲಿ, "ಅಕ್ಕ ಇಲ್ಲೇ ಇದ್ದುಬಿಡೇ ಅಂತಾಳೆ. ಯೋಚನೆ ಮಾಡ್ತೀನಿ ಅಂದೆ" ಎಂದಳು.

ರೇಡಿಯೋ ಆಗ ಆ ಅಕ್ಕನ ಗಂಡ, ತನ್ನ ಷಡ್ಡಕನ ಬಗ್ಗೆ ಒಂದು ಜೋಕು ಹೇಳುತ್ತಿದ್ದ. ಷಡ್ಡಕ ದಿನಕ್ಕೆ ಮೂರು ಮಾತಾಡುವ ಮನುಷ್ಯ, ಅವನ ಮೇಲೆ ಜೋಕು ಮಾಡುವುದು ಸುಲಭ. ಹೆಂಡತಿಯ ಮಾತು ಅವನ ಕಿವಿಯೊಳಗೆ ಇಳಿದದ್ದು ಅರ್ಧ ಗಂಟೆಯ ನಂತರ, ಒಬ್ಬ ಗಿರಾಕಿಯ ಬಲಗಿವಿಯ ಮುಂದಿನ ಕೃದಾ ಸಮ ಮಾಡುವಾಗ. ಇದ್ದುಬಿಡೋದು ಅಂದರೆ? ಅಲ್ಲೇ? ಕೈ ಒಂದು ಕ್ಷಣ ನಿಂತಿತು. ಆ ಗಿರಾಕಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಕೃದಾ ಇಟ್ಟುಕೊಂಡು ಮನೆಗೆ ಹೋದ.

ಮರುದಿನವೇ ಅಂಗಡಿ ಮುಚ್ಚಿ, ಬೇಲಿಯಿಂದ ಒಂದು ರೆಂಬೆ ಸಾಕ್ಷಿಗೆ ಕಿತ್ತುಕೊಂಡು ಗಿಡದವಳ ಹತ್ತಿರ ಜಗಳಕ್ಕೆ ಹೋದ. ದಾರಿಯುದ್ದಕ್ಕೂ ಜಗಳವನ್ನು ಬಾಯಿಪಾಠ ಮಾಡಿಕೊಂಡಿದ್ದ. ಅವಳು ರೆಂಬೆಯನ್ನು ಕೈಗೆ ತೆಗೆದುಕೊಂಡು, ಅದರ ತುದಿಗಳನ್ನು ನೋಡಿ, ಅವನ ಭಾಷಣ ಮುಗಿಯುವವರೆಗೆ ಕಾದು, ಒಂದೇ ಪ್ರಶ್ನೆ ಕೇಳಿದಳು.

"ಎಷ್ಟು ದಿನಕ್ಕೊಮ್ಮೆ ಕತ್ತರಿಸ್ತೀರಿ?"

"ವಾರವಾರ!" ಎಂದ ಹೆಮ್ಮೆಯಿಂದ. "ಒಂದು ವಾರಾನೂ ತಪ್ಪಿಸಿಲ್ಲ."

ಆ ಹೆಂಗಸು ಗೊಬ್ಬರದ ಮೂಟೆಯ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಸೆರಗಿನಲ್ಲಿ ಒರೆಸಿಕೊಂಡು ಹೇಳಿದಳು: "ಅಣ್ಣಾ, ಈ ವರ್ಷ ಬಂದ ರೆಂಬೆ ಮುಂದಿನ ವರ್ಷ ಹೂ ಬಿಡುತ್ತೆ. ಹೂವೇ ಹಣ್ಣಾಗೋದು. ನೀವು ಬಂದ ಬಂದ ರೆಂಬೆನೆಲ್ಲ ಕತ್ತರಿಸಿ ಬಿಸಾಕಿ, ಹಣ್ಣೆಲ್ಲಿ ಅಂತ ನನ್ನ ಕೇಳ್ತಿದ್ದೀರಲ್ಲ! ಈ ವರ್ಷ ಮುಟ್ಟಲೇಬೇಡಿ. ಬರೋ ಚಳಿಗಾಲ ಇನ್ನೊಂದು ಸಲ ಬರಿದೇ ಹೋಗುತ್ತೆ. ಅದರ ಮುಂದಿನದಕ್ಕೆ ಹಣ್ಣು." ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಅಲ್ಲಾ, ನಿಮ್ಮ ಮನೆಯವರು ಎರಡು ವರ್ಷದ ಹಿಂದೆನೇ ಬಂದು ಇದನ್ನೆಲ್ಲ ಕೇಳ್ಕೊಂಡು ಹೋಗಿದ್ರಲ್ಲ. ನಿಮಗೆ ಹೇಳಲಿಲ್ವಾ?"

ಜಗಳಕ್ಕೆ ಹೋದವನು ಬಾಲ ಮುದುರಿಕೊಂಡು ವಾಪಸ್ಸು ಬಂದ. ಹೆಂಡತಿ ಒಗೆದ ಟವೆಲ್ಲುಗಳ ರಾಶಿಯ ಮುಂದೆ ಕೂತಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕತ್ತರಿಸಬಾರದು ಅಂತ ಗೊತ್ತಿದ್ದೂ ನನಗ್ಯಾಕೆ ಹೇಳಲಿಲ್ಲ?" ಎಂದ.

"ಮೂರು ಸಲ ಹೇಳಿದೆ" ಎಂದಳು ಅವಳು, ಟವೆಲ್ಲಿನ ಅಂಚು ಕೂಡಿಸುತ್ತಾ.

"ಯಾವಾಗ?"

"ಗಿಡದವಳ ಹತ್ತಿರ ಹೋಗಿ ಬಂದ ದಿನಾನೇ ಒಂದು ಸಲ. ನೀವು ಅವತ್ತು ಲಾರಿ ಡ್ರೈವರ್ ತಲೇಲಿ ಬೆಳ್ಳಿ ಉಂಗುರ ಸಿಕ್ಕಿದ ಕಥೆ ಹೇಳ್ತಿದ್ರಿ. ಆಮೇಲೆ ಮೊಗ್ಗು ನಾಲ್ಕು ಕಾಣಿಸಿದ್ವು, ಆಗ ಇನ್ನೊಂದು ಸಲ ಹೇಳಿದೆ. ಆಗ ನೀವು ಯಾರೋ ಮಂತ್ರಿಗೆ ಬಣ್ಣ ಹಚ್ಚಿದ ಕಥೆ ಹೇಳ್ತಾ ಇದ್ರಿ. ಹೇಳ್ತಾನೇ ಮೊಗ್ಗು ಕತ್ತರಿಸಿದ್ರಿ. ಮೂರನೇ ಸಲ ಕತ್ತರಿನೇ ಹಿಡ್ಕೊಂಡೆ. ಬಿಡೇ, ಬೆರಳು ಕುಯ್ಯುತ್ತೆ ಅಂತ ಬಿಡಿಸ್ಕೊಂಡ್ರಿ. ಬಿಡಿಸ್ಕೊಂಡು ಬೆರಳು ಕುಯ್ಕೊಂಡವನ ಕಥೆ ಹೇಳಿದ್ರಿ."

ಮೂರು ಕಥೆಗಳೂ ಅವನಿಗೆ ಚೆನ್ನಾಗಿ ನೆನಪಿದ್ದವು. ಎಲ್ಲಿ ಧ್ವನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ಗಿರಾಕಿಯ ಮುಖ ನೋಡಬೇಕು ಎನ್ನುವುದೂ ನೆನಪಿತ್ತು. ಅವಳು ಹೇಳಿದ್ದು ಮಾತ್ರ ಒಂದಕ್ಷರವೂ ಇರಲಿಲ್ಲ. ಕಿವಿಗೆ ಬಿದ್ದಿರಲೇಬೇಕು. ಬಿದ್ದದ್ದು ಎಲ್ಲಿ ಹೋಯಿತು?

"ಜೋರಾಗಿ ಹೇಳಬಾರದಿತ್ತಾ?" ಎಂದ.

"ಗುಬ್ಬಿಗಳಿಗೆ ಜೋರಾಗಿ ಹೇಳಬೇಕಾಗಿರಲಿಲ್ಲ" ಎಂದಳು. "ಒಂದೊಂದು ಮಾತಿಗೂ ಕತ್ತು ಓರೆ ಮಾಡಿ ಕೇಳ್ತಿದ್ವು. ಅರ್ಥ ಆಗ್ತಿತ್ತೋ ಇಲ್ವೋ, ಕೇಳ್ತಿದ್ವು." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಕಾಳಿನ ಜೊತೆ ತಾನು ಅವಳಿಂದ ಏನನ್ನು ಕಿತ್ತುಕೊಂಡಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಆ ಮನೆಯಲ್ಲಿ ಅವಳ ಮಾತು ಕೇಳುತ್ತಿದ್ದದ್ದು ಹಕ್ಕಿಗಳು ಮಾತ್ರ. ಅವುಗಳನ್ನು ಓಡಿಸಿದವನು, ಇಡೀ ಬೀದಿಗೆ ಕಥೆ ಹೇಳಿ ನಗಿಸುವ ಈ ಘನಂದಾರಿ ಗಂಡ.

ಆ ವರ್ಷ ಅವನು ಬೇಲಿಯನ್ನು ಮುಟ್ಟಲಿಲ್ಲ. ಹೇಳುವುದು ಸುಲಭ. ಕುಡಿತ ಬಿಟ್ಟವರು ಹೆಂಡದಂಗಡಿಯ ಮುಂದೆ ಹಾದುಹೋಗುವ ಕಷ್ಟ ಅವನಿಗೆ ಆ ವರ್ಷ ತಿಳಿಯಿತು, ವ್ಯತ್ಯಾಸವೆಂದರೆ ಅವನ ಹೆಂಡದಂಗಡಿ ಮನೆಯ ಪಕ್ಕದಲ್ಲೇ ದಿನಕ್ಕೊಂದು ಗೇಣು ಬೆಳೆಯುತ್ತಿತ್ತು. ರಜೆಯ ದಿನ ಕೈ ತುರಿಸುತ್ತಿತ್ತು. ಬೆನ್ನು ತಿರುಗಿಸಿ ಕೂರುತ್ತಿದ್ದ. ಬೆನ್ನಿಗೆ ಗಿಡ ಚುಚ್ಚುತ್ತಿತ್ತು. ಒಂದು ಸಂಜೆ ತಡೆಯಲಾರದೆ, ಗಿರಾಕಿಗಳ ಕಣ್ಣಿಗೆ ಬಡಿಯುತ್ತದೆ ಎಂಬ ನೆಪ ಹೂಡಿ, ಒಂದೇ ಒಂದು ರೆಂಬೆ ಕತ್ತರಿಸಿದ. ಕತ್ತರಿಸಿದ್ದನ್ನು ಕದ್ದ ಮಾಲಿನಂತೆ ಅಂಗಿಯೊಳಗಿಟ್ಟುಕೊಂಡು ಒಲೆಗೆ ಹಾಕಲು ಹೋಗಿ, ಮುಳ್ಳು ಹೊಕ್ಕುಳ ಹತ್ತಿರ ಚುಚ್ಚಿ ಕೂಗಿಕೊಂಡು, ಹೆಂಡತಿಯ ಎದುರಿಗೇ ಸಿಕ್ಕಿಬಿದ್ದ. ಅವಳೇ ಮುಳ್ಳು ತೆಗೆದುಕೊಟ್ಟಳು.

ಬೀದಿಯವರಿಗೆ ಹಬ್ಬವೋ ಹಬ್ಬ. ಬೇಲಿ ಅಂಗಡಿಯ ಬೋರ್ಡಿನ ಮೇಲೆ ಹರಡಿ ಅರ್ಧ ಅಕ್ಷರಗಳನ್ನು ನುಂಗಿತು. "ಏನ್ ರೇಡಿಯೋ, ನಿಮ್ಮ ಬೇಲಿ ಬೇರೆ ಅಂಗಡೀಲಿ ಕಟಿಂಗ್ ಮಾಡಿಸ್ಕೊಳ್ಳುತ್ತಾ?" ಎಂದು ಒಬ್ಬ. "ಸನ್ಯಾಸ ತಗೊಂಡಿದೆಯಂತೆ" ಎಂದು ಇನ್ನೊಬ್ಬ. ಹೆಡ್‌ಮಾಸ್ತರರು ಗಲ್ಲ ಸವರಿಕೊಂಡು, ಈ ಕೈಯಿಂದ ಗಿಡಗಳಾದರೂ ಬಚಾವಾದವಲ್ಲ ಎಂದರು. ಕೆದರಿದ ತಲೆಯ ಬೇಲಿ ಬಾಗಿಲಲ್ಲೇ ನಿಂತಿದ್ದರೆ ಕ್ಷೌರಿಕನ ಕಸುಬನ್ನು ನಂಬುವವರು ಯಾರು? "ನನ್ನ ತಲೆ ನೋಡಿ ಬನ್ನಿ ಸ್ವಾಮಿ, ಬೇಲಿ ನೋಡಬೇಡಿ" ಎನ್ನುತ್ತಿದ್ದ. ಅವನ ತಲೆಯಲ್ಲಿ ನೋಡಲು ಕೂದಲು ಉಳಿದಿರಲಿಲ್ಲ. ಇದನ್ನೂ ಅವನೇ ಹೇಳಿ ನಗಿಸುತ್ತಿದ್ದ.

ಗಿಡದವಳು ಹೇಳಿದ ಹಾಗೆ ನಾಲ್ಕನೆಯ ಚಳಿಗಾಲವೂ ಬರಿದಾಯಿತು. ಹೆಂಡತಿ ಹೋಗಿ, ಚಳಿ ಕಳೆದ ಮೇಲೆ ಬಂದಳು. ಬಂದ ಎರಡು ವಾರಕ್ಕೆ ಬೇಲಿಯ ತುಂಬಾ ಬಿಳಿ ಹೂವು. ದುಂಬಿಗಳಿಗೆ ಹೆದರಿ ಕೆಲವು ಗಿರಾಕಿಗಳು ಓಡಿಹೋದರು. ಓಡಿಹೋಗಲಿ ಎಂದ. ಹೂವು ಉದುರಿ ಹಸಿರು ಕಾಯಿ ಕಟ್ಟಿತು, ಕಾಯಿ ಹಳದಿಯಾಯಿತು, ಚಳಿ ಕಾಲಿಡುವ ಹೊತ್ತಿಗೆ ರಸ್ತೆಯಿಂದ ಕಿಟಕಿಯವರೆಗೆ ಕೆಂಪು, ಕಿತ್ತಳೆ ಗೊಂಚಲುಗಳು ರೆಂಬೆಯನ್ನು ಬಗ್ಗಿಸಿಕೊಂಡು ತೂಗಿದವು. ರೇಡಿಯೋ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ.

ಇಷ್ಟಾದ ಮೇಲೆ ಮನುಷ್ಯ ಸುಮ್ಮನಿದ್ದರೆ ಆಗುತ್ತಿತ್ತು. ಅವನು ಒಂದು ಸ್ಟೂಲು ತಂದು ಬೇಲಿಯ ಪಕ್ಕ ಹಾಕಿಕೊಂಡು ಕೂತ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಅಲ್ಲೇ. ಹಾದುಹೋಗುವವರನ್ನು ಕೈ ಹಿಡಿದು ಎಳೆದು ತಂದು ಗೊಂಚಲು ತೋರಿಸಿ, ಕತ್ತರಿಸಿದ ಮೂರ್ಖತನದಿಂದ ಹಿಡಿದು ಕತ್ತರಿಸದ ತಪಸ್ಸಿನವರೆಗೆ, ಮುಳ್ಳು ಚುಚ್ಚಿದ ಜಾಗವನ್ನೂ ಬಿಡದೆ, ಪೂರ್ತಿ ಕಥೆ ಹೇಳಿದ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಒಂದು ಗುಬ್ಬಿಯೂ ಬರಲಿಲ್ಲ. ಎದುರು ಮನೆಯ ತಂತಿಯ ಮೇಲೆ ಕೂತು ನೋಡಿ ಹಾರಿಹೋಗುತ್ತಿದ್ದವು.

"ಹಣ್ಣು ಹುಳಿ ಇರಬೇಕು" ಎಂದ ಹೆಂಡತಿಗೆ. "ಇಲ್ಲಾಂದ್ರೆ ಹಕ್ಕಿಗಳಿಗೆ ನಮ್ಮ ಮನೆ ಮರೆತುಹೋಗಿರಬೇಕು."

ಅವಳು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. "ಹಣ್ಣಿನ ಪಕ್ಕ ದಿನವಿಡೀ ರೇಡಿಯೋ ಹಚ್ಚಿಟ್ರೆ ಯಾವ ಹಕ್ಕಿ ಬರುತ್ತೆ?" ಎಂದಳು. ಬೀದಿಯೆಲ್ಲ ಕರೆಯುವ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅವನು ನಗಬೇಕೆಂದುಕೊಂಡ, ಆಗಲಿಲ್ಲ. ಟ್ರಂಕಿನೊಳಗೆ ಇಣುಕಿದ. ಬಟ್ಟೆಗಳ ಮೇಲೆ ಅವಳ ತಲೆದಿಂಬಿತ್ತು. ಹದಿನೈದು ದಿನಕ್ಕೆ, ತಿಂಗಳಿಗೆ ಹೋಗುವವರು ಯಾರೂ ತಲೆದಿಂಬು ಒಯ್ಯುವುದಿಲ್ಲ.

ಬಸ್ ನಿಲ್ದಾಣದವರೆಗೆ ಟ್ರಂಕು ಹೊತ್ತು ಜೊತೆಗೆ ನಡೆದ. ದಾರಿಯಲ್ಲಿ ಹೊಸ ಬ್ಲೇಡಿನ ಕಂಪನಿಯ ಬಗ್ಗೆ ಮಾತಾಡಿದ, ಬಸ್ಸಿನ ಟೈರುಗಳ ಬಗ್ಗೆ ಮಾತಾಡಿದ, ಷಡ್ಡಕನ ಬೋಳುತಲೆಗೆ ತಾನು ಹೇಳಿದ ಎಣ್ಣೆಯ ಬಗ್ಗೆ ಮಾತಾಡಿದ. ಹೋಗಬೇಡ ಎನ್ನುವ ನಾಲ್ಕಕ್ಷರ ನಾಲಿಗೆಯ ತುದಿಗೆ ಬಂದು ಬಂದು ಒಳಗೆ ಹೋಯಿತು. ಒಬ್ಬ ಮನುಷ್ಯನಲ್ಲಿ ಅಷ್ಟೊಂದು ಮಾತಿದ್ದು ಬೇಕಾದ ಒಂದೇ ಒಂದು ಮಾತು ಸ್ಟಾಕ್ ಇಲ್ಲದಿರುವುದು ಹೇಗೆ ಸಾಧ್ಯ ಎಂದು ಅವನಿಗೇ ಆಶ್ಚರ್ಯವಾಯಿತು. ಬಸ್ಸು ಹೊರಟಿತು. "ಹಕ್ಕಿ ಬಂದ್ರೆ ಫೋನ್ ಮಾಡಿ" ಎಂದಷ್ಟೇ ಅವಳು ಕಿಟಕಿಯಿಂದ ಹೇಳಿದಳು.

ಅದರ ಮರುದಿನ ಅಂಗಡಿಯ ಬಾಗಿಲು ತೆರೆಯಿತು, ಬಾಯಿ ತೆರೆಯಲಿಲ್ಲ. ತಾನೇ ನಿಲ್ಲಿಸಿದ್ದಲ್ಲ. ಕಥೆ ಶುರು ಮಾಡಿದರೆ ಎರಡನೆಯ ವಾಕ್ಯಕ್ಕೆ ಯಾಕೆ ಹೇಳುತ್ತಿದ್ದೇನೆ ಎನಿಸಿ ನಿಂತುಹೋಗುತ್ತಿತ್ತು. ಗಿರಾಕಿಗಳು ಕನ್ನಡಿಯಲ್ಲಿ ಅವನ ಮುಖ ನೋಡಿ ಗಾಬರಿಯಾದರು. ಒಬ್ಬ ಜ್ವರವಾ ಎಂದು ಕೇಳಿದ, ಇನ್ನೊಬ್ಬ ಡಾಕ್ಟರ ನಂಬರ್ ಕೊಟ್ಟ. ಸ್ಟೂಲು ಒಳಗೆ ಬಂತು. ಮಾತಿಲ್ಲದ ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬೇರೆಯವರು ಮಾತಾಡಲು ಶುರು ಮಾಡಿದರು. ಇಷ್ಟು ವರ್ಷ ಬರುತ್ತಿದ್ದ ಬಸ್ ಕಂಡಕ್ಟರನಿಗೆ ಅವಳಿ ಮಕ್ಕಳಿವೆ ಎಂದು ಅವನಿಗೆ ತಿಳಿದದ್ದೇ ಆಗ. ಅವಳಿಗಳಿಗೆ ಆಗಲೇ ಹನ್ನೆರಡು ವರ್ಷ.

ಐದನೆಯ ದಿನ ಬೆಳಿಗ್ಗೆ ಚಳಿ ಜೋರಾಗಿತ್ತು. ಅದೇ ಕಂಡಕ್ಟರ್ ಕುರ್ಚಿಯಲ್ಲಿದ್ದ. ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಕತ್ತಿ ಇಡಬೇಕು, ಅಷ್ಟರಲ್ಲಿ ಮನೆಯ ಪಕ್ಕದಿಂದ ಒಂದು ಸಿಳ್ಳೆ ಕೇಳಿತು. ಆಮೇಲೆ ಇನ್ನೊಂದು. ಆಮೇಲೆ ಶಾಲೆ ಬಿಟ್ಟಂಥ ಗದ್ದಲ. ಅವನು ಕತ್ತಿಯನ್ನು ಕಂಡಕ್ಟರನ ಕೈಗೇ ಕೊಟ್ಟು ಅಡುಗೆಮನೆಗೆ ಓಡಿದ. ಕಿಟಕಿಯ ಮುಂದೆ ಬೇಲಿಗೆ ಬೇಲಿಯೇ ಕುಣಿಯುತ್ತಿತ್ತು. ಎಲೆಗಿಂತ ಹೆಚ್ಚು ಹಕ್ಕಿ. ಗೊಂಚಲಿಗೆ ತಲೆಕೆಳಗಾಗಿ ಜೋತುಬಿದ್ದು ಕಿತ್ತು ನುಂಗುತ್ತಿದ್ದವು, ನುಂಗುತ್ತಾ ಒಂದನ್ನೊಂದು ಬೈಯುತ್ತಿದ್ದವು. ಇದನ್ನು ನೋಡಬೇಕಾದವಳು ನೋಡುವ ಜಾಗದಲ್ಲಿ ತಾನು ನಿಂತಿದ್ದೇನೆ ಎನಿಸಿತು.

ಫೋನ್ ಹಚ್ಚಿದ. "ಹೇಳಿ" ಎಂದಳು ಅವಳು.

ಹೇಳಲು ಬೇಕಾದಷ್ಟಿತ್ತು. ಕಂಡಕ್ಟರನ ಅರ್ಧ ಗಡ್ಡದಿಂದ ಶುರು ಮಾಡಿದರೆ ಒಳ್ಳೆಯ ಕಥೆ, ಎಲ್ಲಿ ಧ್ವನಿ ಇಳಿಸಬೇಕೆಂದೂ ಆಗಲೇ ಗೊತ್ತಾಗಿತ್ತು. ಆ ಕಥೆಯನ್ನು ಅಲ್ಲೇ ಬಿಟ್ಟ. ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಿ ಫೋನನ್ನು ಬೇಲಿಯ ಕಡೆ ಹಿಡಿದ. ತೋಳು ಚಳಿಗೆ ಮರಗಟ್ಟಿತು. ಹಿಡಿದೇ ಇದ್ದ. ಆಮೇಲೆ ಮೆಲ್ಲಗೆ ಕಿವಿಗೆ ತಂದುಕೊಂಡ. ಆ ಕಡೆ ಅವಳ ಉಸಿರು ಕೇಳಿತು.

"ಆ ಸಿಳ್ಳೆ ಹಾಕಿದ್ದು ಜುಟ್ಟಿನವಳು" ಎಂದಳು. "ನನಗೆ ಗೊತ್ತು, ಅವಳದ್ದೇ. ಕೊನೇಲಿ ಎಳೀತಾಳಲ್ಲ, ಹಾಗೆ." ಆಮೇಲೆ ಅನುಮಾನದಿಂದ ಕೇಳಿದಳು: "ಕೇಳ್ತಿದ್ದೀರಾ?"

"ಕೇಳ್ತಿದ್ದೀನಿ. ನೀನು ಹೇಳು."

ಅವಳು ಹೇಳಿದಳು. ಮೊದಮೊದಲು ತಡೆತಡೆದು, ಅವನು ಎಲ್ಲಿ ಬಾಯಿ ಹಾಕುತ್ತಾನೋ ಎಂದು ಕಾದು ಕಾದು. ಅವನು ಹಾಕುವುದಿಲ್ಲವೆಂದು ಖಾತ್ರಿಯಾದ ಮೇಲೆ ಬಿಡುಬೀಸಾಗಿ. ಜುಟ್ಟಿನವಳು ಒಂದು ವರ್ಷ ಕುಂಟುತ್ತಾ ಬಂದದ್ದು, ಇನ್‌ಸ್ಪೆಕ್ಟರ್ ಒಮ್ಮೆ ಅಡುಗೆಮನೆಯೊಳಗೇ ಬಂದು ತಪಾಸಣೆ ಮಾಡಿ ಹೋದದ್ದು, ಯಾವ ಗುಬ್ಬಿಗೆ ಯಾವ ಗುಬ್ಬಿಯ ಮೇಲೆ ಕಣ್ಣು ಎನ್ನುವುದು. ಇಷ್ಟೆಲ್ಲ ತನ್ನ ಮನೆಯಲ್ಲೇ ನಡೆದಿತ್ತೇ ಎಂದು ಅವನು ಬೆರಗಾಗಿ ಕೇಳಿದ. ಅಂಗಡಿಯಿಂದ ಕಂಡಕ್ಟರ್ "ರೇಡಿಯೋ, ನನ್ನ ಬಸ್ಸು!" ಎಂದು ಎರಡು ಸಲ ಕೂಗಿದ. ಆ ದಿನ ಆ ಬಸ್ಸು ಹನ್ನೆರಡು ನಿಮಿಷ ತಡವಾಗಿ, ಅರ್ಧ ಗಡ್ಡದ ಕಂಡಕ್ಟರನ ಜೊತೆ ಹೊರಟಿತೆಂದು ಬೀದಿಯವರು ಹೇಳುತ್ತಾರೆ.

"ಇಲ್ಲಿ ನನಗೆ ನಿದ್ದೆ ಬರಲ್ಲ ರೀ" ಎಂದಳು ಅವಳು ಇದ್ದಕ್ಕಿದ್ದಂತೆ. "ಭಾವ ಊಟಕ್ಕೆ ಕೂತು ಉಪ್ಪು ಅಂತಾರೆ, ಅಷ್ಟೇ ಇಡೀ ದಿನದ ಮಾತು. ಅಕ್ಕನಿಗೂ ಅದೇ ರೂಢಿ ಆಗಿದೆ. ಮನೆ ಅಂದ್ರೆ ಇಷ್ಟು ನಿಶ್ಶಬ್ದ ಇರಬಾರದು." ಅವನು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡ. "ಹಣ್ಣು ಎಷ್ಟು ಉಳಿದಿದೆ?"

"ಅರ್ಧ" ಎಂದು ಪಿಸುಗುಟ್ಟಿದ.

"ನಾಳೆ ಮೊದಲನೇ ಬಸ್ಸಿಗೆ ಹೊರಡ್ತೀನಿ. ದಿಂಬು ತಗೊಂಡೇ ಬರ್ತೀನಿ. ನಾನು ಬರೋವರೆಗೂ ಒಂದು ಮಾತೂ ಆಡಬೇಡಿ, ಅವು ಹಾರಿಹೋಗ್ತವೆ. ಆಯ್ತಾ?"

ಆಯ್ತು ಎನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು, ಕೈಯಲ್ಲಿದ್ದ ಫೋನಿಗೆ ಜೋರಾಗಿ ತಲೆಯಾಡಿಸಿದ.